ಊರಿಗೆ ಕಲಿಸುವುದು: ಫೋನಿನಲ್ಲೋ, ಕಣದಲ್ಲೋ?

ದುಬೈಯಲ್ಲೋ ಮೆಲ್ಬರ್ನ್‌ನಲ್ಲೋ ನೆಲೆಸಿ, ಕಲಿತದ್ದನ್ನು ಕೊಡಗಿಗೂ ಒಂದಿಷ್ಟು ಕೊಡೋಣ ಅಂತಿದ್ದೀರಾ? ದಾರಿ ಮುಖ್ಯವಾಗಿ ಎರಡು.

ವಿಡಿಯೊ ಕರೆಗೆ ಖರ್ಚು ಕಡಿಮೆ, ರಜೆ ಬೇಡ. ರಫ್ತಿನ ಕಾಗದಪತ್ರ, ಸಂದರ್ಶನದ ತಯಾರಿ, ಕೋಡಿಂಗ್ ಇವಕ್ಕೆಲ್ಲ ಇದೇ ಸಾಕು. ವಾರಕ್ಕೊಂದು ಗಂಟೆಯಂತೆ ವರ್ಷವಿಡೀ ನಡೆಸಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಕಷ್ಟ: ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ಪಾಠ ರೆಕಾರ್ಡ್ ಮಾಡಿ ಕಳಿಸಿಬಿಡಿ.

ಕೈ, ಮೂಗು, ನಾಲಿಗೆಯ ವಿದ್ಯೆಗೆ ಬಂದೇ ತೀರಬೇಕು. ಕಾಫಿ ರುಚಿ ನೋಡುವುದನ್ನೇ ತೆಗೆದುಕೊಳ್ಳಿ. ಇದು ಹಣ್ಣಿನ ಹುಳಿಯೋ, ಹುದುಗು ಹೆಚ್ಚಾಗಿ ಕೆಟ್ಟದ್ದೋ ಎನ್ನುವುದು ಇಬ್ಬರೂ ಒಂದೇ ಬಟ್ಟಲಿನದನ್ನು ಹೀರಿದರಷ್ಟೇ ತಿಳಿಯುತ್ತದೆ. ಅರೇಬಿಕಾ ಕೊಯ್ಲಿನ ಹೊತ್ತಿಗೆ, ನವೆಂಬರ್‌ನಿಂದ ಜನವರಿಯೊಳಗೆ ಬಂದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ತಿರುಗುತ್ತಿರುತ್ತದೆ, ಕಣದಲ್ಲಿ ಕಾಫಿ ಹರವಿರುತ್ತದೆ. ಆಗ ತೋಟದವರಿಗೆ ಪುರುಸೊತ್ತಿರುವುದಿಲ್ಲ, ಅದೂ ನಿಜ, ಸಂಜೆ ಕೂರಿಸಿಕೊಳ್ಳಿ. ಸುಗ್ಗಿಯ ಹಬ್ಬ ಪುತ್ತರಿಗೆ ಹೇಗೂ ಬರುವವರಾದರೆ ಟಿಕೆಟ್ಟಿನ ಖರ್ಚೂ ಬೇರೆಯಾಗದು.

ಹೀಗೆ ಬಂದುಹೋಗುವುದೇನೂ ಹೊಸತಲ್ಲ. ವಿಶ್ವಸಂಸ್ಥೆಯ ಟೋಕ್ಟೆನ್ ಯೋಜನೆ 1977ರಲ್ಲಿ ಟರ್ಕಿಯಲ್ಲಿ ಶುರುವಾದದ್ದು ಇದಕ್ಕೇ: ವಲಸೆ ಹೋದ ತಜ್ಞರು ಸ್ವಲ್ಪ ಕಾಲ ತವರಿಗೆ ಬಂದು ಕಲಿಸುವುದು. ನೀವು ಸಂಶೋಧಕರಾಗಿದ್ದರೆ ಕೇಂದ್ರದ ವೈಭವ್ ಫೆಲೋಶಿಪ್ ವಿಚಾರಿಸಿ. ಅದು ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ವರ್ಷಕ್ಕೆ ಒಂದೆರಡು ತಿಂಗಳ ಕೆಲಸ. ಕಾಫಿ ತೋಟಕ್ಕೆ ಅದು ದಕ್ಕುವಂಥದ್ದಲ್ಲ.

ನನ್ನನ್ನು ಕೇಳಿದರೆ, ಮೊದಲು ಒಮ್ಮೆ ಬಂದು ಹೋಗಿ. ಮುಖ ಕಂಡ ಮೇಲೆ ನಿಮ್ಮ ಕರೆಯನ್ನು ಯಾರೂ ಕಟ್ ಮಾಡುವುದಿಲ್ಲ.