ಜಠರದ ಮೊದಲ ಹಂತದ ಕ್ಯಾನ್ಸರ್: ಎಂಡೋಸ್ಕೋಪಿಯೋ, ಶಸ್ತ್ರಚಿಕಿತ್ಸೆಯೋ?

ಬಯಾಪ್ಸಿ ವರದಿ ಕೈಗೆ ಬಂದೊಡನೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ: “ಹೊಟ್ಟಿ ಕೊಯ್ಯಲೇಬೇಕೇನ್ರಿ?” ಉತ್ತರ ಮುಖ್ಯವಾಗಿ ಗಡ್ಡೆಯ ಆಳ ಮತ್ತು ಜೀವಕೋಶದ ಬಗೆಯ ಮೇಲಿದೆ.

ಗಡ್ಡೆ ಲೋಳೆಪೊರೆಯಲ್ಲೇ ಇದ್ದು, ಡಿಫರೆನ್ಶಿಯೇಟೆಡ್ ಬಗೆಯದಾಗಿ (ಜೀವಕೋಶಗಳು ಸಹಜ ಕೋಶಗಳನ್ನು ಬಹುಪಾಲು ಹೋಲುವ ಬಗೆ), ಹುಣ್ಣಿಲ್ಲದಿದ್ದರೆ ಇಎಸ್‌ಡಿ, ಅಂದರೆ ಎಂಡೋಸ್ಕೋಪಿಯಿಂದಲೇ ಗಡ್ಡೆ ಬಿಡಿಸುವ ವಿಧಾನ, ಸಾಕು. ಹುಣ್ಣಿದ್ದರೆ ಗಡ್ಡೆಯ ಗಾತ್ರಕ್ಕೆ 3 ಸೆಂ.ಮೀ. ಮಿತಿ. ಬಾಯಿಯಿಂದ ನಳಿಕೆ ಇಳಿಸಿ, ಗಡ್ಡೆಯಡಿ ದ್ರವ ಚುಚ್ಚಿ ಎತ್ತಿ, ವಿದ್ಯುತ್ ಚಾಕುವಿನಿಂದ ಒಂದೇ ತುಂಡಾಗಿ ಬಿಡಿಸುತ್ತಾರೆ. ತುಂಡು ತುಂಡಾದರೆ ಅಂಚು ಶುದ್ಧವೇ ಎಂದು ಪೆಥಾಲಜಿಸ್ಟ್ ಖಚಿತವಾಗಿ ಹೇಳಲಾರರು. ರಕ್ತಸ್ರಾವ, ಜಠರದ ಗೋಡೆ ತೂತಾಗುವುದು ಮುಖ್ಯ ಅಪಾಯಗಳು. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಗಾಯ ಮಾಯಲು ಸುಮಾರು 8 ವಾರ, ಅಲ್ಲಿಯವರೆಗೆ ಆಮ್ಲ ತಗ್ಗಿಸುವ ಮಾತ್ರೆ.

ಶಸ್ತ್ರಚಿಕಿತ್ಸೆಯಲ್ಲಿ ಜಠರದ ಭಾಗದ ಜೊತೆ ಸುತ್ತಲಿನ ದುಗ್ಧಗ್ರಂಥಿಗಳೂ (ಲಿಂಫ್ ನೋಡ್, ಕ್ಯಾನ್ಸರ್ ಹರಡಬಹುದಾದ ಜಾಗ) ಹೋಗುತ್ತವೆ. ಇಎಸ್‌ಡಿಗೆ ಆಗದ ಕೆಲಸ ಇದೇ. ಬೆಲೆಯನ್ನು ಊಟದಲ್ಲಿ ತೆರಬೇಕು: ದಿನಕ್ಕೆ 5–6 ಸಣ್ಣ ಊಟ, ರೊಟ್ಟಿಯನ್ನು ನುಣ್ಣಗೆ ಅಗಿದು ನುಂಗುವುದು, ಪೇಡೆ ಹೆಚ್ಚು ತಿಂದರೆ ಎದೆ ಹೊಡೆದುಕೊಂಡು ಬೆವರು, ಭೇದಿ. ಪೂರ್ಣ ಜಠರ ತೆಗೆದರೆ ಜೀವನಪರ್ಯಂತ ವಿಟಮಿನ್ ಬಿ12 ಬೇಕು.

ಇಎಸ್‌ಡಿಯಲ್ಲಿ ತೆಗೆದ ತುಂಡಿನ ವರದಿಯಲ್ಲಿ ಗಡ್ಡೆ ಲೋಳೆಪೊರೆಯ ಕೆಳಪದರಕ್ಕೆ 500 ಮೈಕ್ರಾನ್ (ಅರ್ಧ ಮಿ.ಮೀ.) ಮೀರಿ ಇಳಿದಿದ್ದರೆ ಅಥವಾ ರಕ್ತ-ದುಗ್ಧನಾಳ ಹೊಕ್ಕಿದ್ದರೆ ಸಾಮಾನ್ಯವಾಗಿ ಮತ್ತೆ ಆಪರೇಷನ್ ಸಲಹೆ ಬರುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಜಠರ ಉಳಿದವರಲ್ಲಿ ಬೇರೆ ಜಾಗದಲ್ಲಿ ಹೊಸ ಗಡ್ಡೆ ಹುಟ್ಟಬಹುದು; ಹೆಲಿಕೋಬ್ಯಾಕ್ಟರ್ (ಜಠರದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಬ್ಯಾಕ್ಟೀರಿಯಾ) ಪರೀಕ್ಷೆ, ಇದ್ದರೆ ಔಷಧ, ವರ್ಷಕ್ಕೊಮ್ಮೆಯಾದರೂ ಎಂಡೋಸ್ಕೋಪಿ ತಪ್ಪಿಸಬೇಡಿ.