ಹಲ್ಲು ನೇರ ಮಾಡಿಸುವ ಮುಂಚೆ ವಸಡು ತೋರಿಸಿ: ನನಗಾದದ್ದು ನಿಮಗಾಗುವುದು ಬೇಡ

ಹೋದ ವಾರ ಸ್ಟಾಫ್ ರೂಮಿನಲ್ಲಿ ಜೊತೆಯ ಟೀಚರ್ ಒಬ್ಬರು ಫೋನ್ ಮುಂದೆ ಹಿಡಿದರು. "ಮೇಡಂ, ನೋಡಿ, ಇವತ್ತೇ ಬುಕ್ ಮಾಡಿದರೆ ಸ್ಕ್ಯಾನ್ ಫ್ರೀಯಂತೆ. ತಂತಿ ಇಲ್ಲ, ಏನೂ ಕಾಣಲ್ಲ. ಮಗಳ ಮದುವೆ ಹೊತ್ತಿಗೆ ಹಲ್ಲು ಸರಿಯಾಗುತ್ತೆ ಅಂತಾರೆ." ಅವರಿಗೆ 46 ವರ್ಷ. ನನ್ನ ಕೈ ತಣ್ಣಗಾಯಿತು. ಹಲ್ಲು ನೇರ ಮಾಡಿಸಲು ಹೋದಾಗ ನಾನು ನಂಬಿದ್ದ ಅದೇ ಮಾತು, ಅದೇ ಆಫರ್. ಆ ದಿನ ಮಧ್ಯಾಹ್ನದ ಊಟ ಬಿಟ್ಟು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಮೇಲಿನ ಎರಡು ಕೋರೆ ಹಲ್ಲುಗಳು ಚಿಕ್ಕಂದಿನಿಂದ ಮುಂದೆ ಬಂದಿವೆ. ಕೆಳಗಿನ ಮುಂಭಾಗದ ಹಲ್ಲುಗಳು ಒಂದರ ಮೇಲೊಂದು ಹತ್ತಿ ನಿಂತಿವೆ. ನಮ್ಮೂರು ತುಮಕೂರು ಕಡೆಯ ಹಳ್ಳಿ. ಆಗ ಹಲ್ಲಿಗೆ ಕ್ಲಿಪ್ ಹಾಕಿಸುವುದು ಅಂದರೆ ದುಡ್ಡಿದ್ದವರ ಮಕ್ಕಳಿಗೆ ಅನ್ನೋ ಕಾಲ. ಫೋಟೋದಲ್ಲಿ ಬಾಯಿ ಮುಚ್ಚಿಕೊಂಡೇ ನಗುವುದು ಅಭ್ಯಾಸವಾಗಿಹೋಯಿತು. 39 ಆದಾಗ, ಮಗನೂ ಹೈಸ್ಕೂಲಿಗೆ ಬಂದ, ಇನ್ನಾದರೂ ನನಗೋಸ್ಕರ ಒಂದು ಮಾಡಿಸಿಕೊಳ್ಳೋಣ ಅನ್ನಿಸಿತು. ಆ ಆಸೆ ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. "ಈ ವಯಸ್ಸಲ್ಲಿ ಯಾಕೆ ಬೇಕಿತ್ತು?" ಅಂತ ಆಮೇಲೆ ಸುಮಾರು ಜನ ಕೇಳಿದರು. ತೊಂದರೆ ಆದದ್ದು ವಯಸ್ಸಿನಿಂದಲ್ಲ. ನೋಡಬೇಕಾದ್ದನ್ನು ಯಾರೂ ನೋಡದೆ ಇದ್ದದ್ದರಿಂದ.

2024ರ ಜನವರಿ, ಸಂಕ್ರಾಂತಿ ಹಿಂದಿನ ಭಾನುವಾರ. ಬೆಂಗಳೂರಿನ ಒಂದು ಮಾಲ್‌ನಲ್ಲಿ ಅಲೈನರ್ ಕಂಪನಿಯ ಸ್ಟಾಲ್ ಇತ್ತು. ಅಲೈನರ್ ಅಂದರೆ ಹಲ್ಲಿನ ಮೇಲೆ ಕೂರುವ ತೆಳು ಪ್ಲಾಸ್ಟಿಕ್ ಕವರ್. ಒಂದೊಂದು ಸೆಟ್ಟೂ ಹಲ್ಲನ್ನು ಸ್ವಲ್ಪ ಸ್ವಲ್ಪ, ಹೆಚ್ಚೆಂದರೆ ಕಾಲು ಮಿಲಿಮೀಟರ್‌ನಷ್ಟು, ಸರಿಸುತ್ತದೆ. ಅಲ್ಲಿದ್ದ ಹುಡುಗಿ ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿ ಹತ್ತು ನಿಮಿಷದಲ್ಲಿ ಸ್ಕ್ಯಾನ್ ಮುಗಿಸಿದಳು. ನಾಲ್ಕು ದಿನ ಬಿಟ್ಟು ಫೋನಿಗೆ ವಿಡಿಯೋ ಬಂತು. ನನ್ನದೇ ಹಲ್ಲುಗಳು, ಒಂದೊಂದಾಗಿ ತಿರುಗಿ, ಜರುಗಿ, ಸಾಲಾಗಿ ನಿಲ್ಲುತ್ತವೆ. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂಡ ನೋಡಿದೆ.

ಒಟ್ಟು 92,000 ರೂಪಾಯಿ. 2,000 ಬುಕಿಂಗ್, ಉಳಿದದ್ದು ತಿಂಗಳಿಗೆ 5,000ದಂತೆ 18 ತಿಂಗಳು, ನೋ ಕಾಸ್ಟ್ ಇಎಂಐ. ಪ್ಯಾನ್ ಕಾರ್ಡ್, ಆಧಾರ್, ಒಂದು ಒಟಿಪಿ. ಟ್ಯಾಬ್‌ನಲ್ಲಿ ಇಂಗ್ಲಿಷ್ ಫಾರಂ ಒಂದಕ್ಕೆ ಬೆರಳಲ್ಲೇ ಸಹಿ. ಆ ಫಾರಂನಲ್ಲಿ ಶುಗರ್ ಇದೆಯಾ ಅಂತ ಒಂದು ಪ್ರಶ್ನೆ ಇತ್ತು. ಹೌದು ಅಂತ ಗುರುತು ಹಾಕಿದೆ. 35ರಿಂದ ಮಾತ್ರೆ ತಗೊಳ್ಳುತ್ತಿದ್ದೇನೆ. ಅದರ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಬ್ರಷ್ ಮಾಡುವಾಗ ರಕ್ತ ಬರುತ್ತೆ ಅಂತ ನಾನೇ ಬಾಯಿಬಿಟ್ಟು ಹೇಳಿದೆ. "ಅದು ಕಾಮನ್ ಮೇಡಂ, ಹಲ್ಲು ನೇರ ಆದರೆ ಕ್ಲೀನ್ ಮಾಡೋದು ಸುಲಭ, ತಾನೇ ನಿಲ್ಲುತ್ತೆ" ಅಂದರು. ಎಕ್ಸ್‌ರೇ ತೆಗೆಸಲಿಲ್ಲ. ಹಲ್ಲು ನೇರ ಮಾಡುವುದರಲ್ಲಿ ಎಂಡಿಎಸ್, ಅಂದರೆ ತಜ್ಞರ ಪದವಿ, ಮಾಡಿದ ಡಾಕ್ಟರು ಯಾರೂ ನನ್ನ ಬಾಯಿ ನೋಡಲಿಲ್ಲ.

ಮಾರ್ಚ್‌ನಲ್ಲಿ 26 ಸೆಟ್‌ಗಳ ಡಬ್ಬ ಕೊರಿಯರ್‌ನಲ್ಲಿ ಮನೆಗೆ ಬಂತು. ಒಬ್ಬ ಡೆಂಟಿಸ್ಟ್ ಒಂದೇ ಒಂದು ಸಲ ಸಿಕ್ಕರು. ಅಲೈನರ್ ಹಿಡಿದುಕೊಳ್ಳಲಿ ಅಂತ ಹಲ್ಲಿನ ಮೇಲೆ ಚಿಕ್ಕ ಚಿಕ್ಕ ಉಬ್ಬು ಅಂಟಿಸಿದರು. ಜಾಗ ಬೇಕು ಅಂತ ಕೆಳಗಿನ ಹಲ್ಲುಗಳ ಸಂದಿಯನ್ನು ಪಟ್ಟಿಯಿಂದ ಉಜ್ಜಿದರು. ಹೀಗೆ ಉಜ್ಜುವುದು ತಪ್ಪಲ್ಲ, ಎಲ್ಲ ಕಡೆ ಮಾಡುತ್ತಾರೆ. ಆದರೆ ಉಜ್ಜಿದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ ಅನ್ನುವುದನ್ನು ಉಜ್ಜುವ ಮುಂಚೆ ಹೇಳಬೇಕಿತ್ತು, ಅಲ್ವಾ?

ದಿನಕ್ಕೆ 22 ಗಂಟೆ ಹಾಕಿಕೊಂಡೆ. ಊಟಕ್ಕೆ, ಕಾಫಿಗೆ ತೆಗೆಯುವುದು, ಬಾಯಿ ತೊಳೆದು ಮತ್ತೆ ಹಾಕುವುದು. ತರಗತಿಯಲ್ಲಿ ಮಾತು ತೊದಲುತ್ತಿತ್ತು, ಮಕ್ಕಳು ಹೊಂದಿಕೊಂಡರು. 9ನೇ ಸೆಟ್‌ನಿಂದ ಅಲೈನರ್ ಸರಿಯಾಗಿ ಕೂರಲಿಲ್ಲ. ಕೆಳಗಿನ ಒಂದು ಹಲ್ಲಿನ ತುದಿಯಲ್ಲಿ ಸಂದಿ ಕಾಣುತ್ತಿತ್ತು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಪ್ರತಿ ಸಲವೂ ಒಂದೇ ಉತ್ತರ: ಪ್ರೋಗ್ರೆಸ್ ಚೆನ್ನಾಗಿದೆ, ರಬ್ಬರ್ ತುಂಡು ಕಚ್ಚಿ, ಮುಂದಿನ ಸೆಟ್‌ಗೆ ಹೋಗಿ. ಪ್ರತಿ ಸಲವೂ ಬೇರೆ ಬೇರೆ ಹೆಸರಿನವರು. ಹಲ್ಲಿನ ಮಧ್ಯೆ ವಸಡಿನ ಹತ್ತಿರ ಕಪ್ಪು ತ್ರಿಕೋನದಂಥ ಸಂದಿಗಳು ಕಾಣಿಸಿಕೊಂಡವು. ಅದನ್ನೂ ಕಳಿಸಿದೆ. "ನಾರ್ಮಲ್" ಅಂದರು.

ನವರಾತ್ರಿಗೆ ಮೈಸೂರಿನ ಅತ್ತಿಗೆ ಮನೆಗೆ ಹೋಗಿದ್ದೆವು. ಗೊಂಬೆ ಮುಂದೆ ಕೂತು ಅತ್ತಿಗೆ ಕೊಟ್ಟ ಕೋಡುಬಳೆಯನ್ನು ಮುಂಭಾಗದ ಹಲ್ಲಿನಿಂದ ಕಚ್ಚಿದೆ. ಕೋಡುಬಳೆ ಮುರಿಯಲಿಲ್ಲ. ಹಲ್ಲು ಹಿಂದಕ್ಕೆ ಬಾಗಿತು. ನಾಲಿಗೆಯಿಂದ ಮುಟ್ಟಿದೆ. ಹಾಲುಹಲ್ಲು ಬೀಳುವ ಮುಂಚೆ ಮಗನ ಹಲ್ಲು ಹೇಗೆ ಆಡುತ್ತಿತ್ತೋ ಹಾಗೇ ಆಡಿತು. ಬಚ್ಚಲಿಗೆ ಹೋಗಿ ಕನ್ನಡಿ ಮುಂದೆ ನಿಂತು ಮತ್ತೆ ಮುಟ್ಟಿ ನೋಡಿದೆ. ಅದರ ಪಕ್ಕದ್ದೂ ಸಣ್ಣಗೆ ಆಡುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಕಂಪನಿಗೆ ಫೋನ್ ಮಾಡುವುದು ಬಿಟ್ಟು, ಮನೆ ಹತ್ತಿರದ ದಂತವೈದ್ಯೆಯ ಬಳಿ ಹೋದೆ. ವಸಡಿನ ಚಿಕಿತ್ಸೆಯಲ್ಲೇ ಎಂಡಿಎಸ್ ಮಾಡಿದವರು. ಅವರು ಮೊದಲು ಮಾಡಿದ ಕೆಲಸ ನನಗೆ ಹೊಸದು. ತುದಿಯಲ್ಲಿ ಗೆರೆ ಹಾಕಿದ ತೆಳು ಕಡ್ಡಿಯೊಂದನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸಿ ಅಳತೆ ಹೇಳುತ್ತಾ ಹೋದರು. ಸಿಸ್ಟರ್ ಬರೆದುಕೊಂಡರು. ಹಿಂದಿನ ಹಲ್ಲಿನಲ್ಲಿ "ತ್ರೀ, ಟೂ, ತ್ರೀ." ಕೆಳಗಿನ ಮುಂಭಾಗಕ್ಕೆ ಬಂದಾಗ "ಫೈವ್, ಸಿಕ್ಸ್, ಸೆವೆನ್." ಸಿಸ್ಟರ್ ತಲೆ ಎತ್ತಿ ನನ್ನನ್ನು ನೋಡಿದರು. ಮೂರು ಮಿಲಿಮೀಟರ್ ತನಕ ಸರಿಯಂತೆ. ಅದಕ್ಕಿಂತ ಆಳ ಇದ್ದರೆ ವಸಡು ಹಲ್ಲನ್ನು ಬಿಟ್ಟುಕೊಟ್ಟಿದೆ ಅಂತ ಅರ್ಥ.

ಆಮೇಲೆ ಓಪಿಜಿ ತೆಗೆಸಿದರು. ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಎಕ್ಸ್‌ರೇ ಅದು. ನಾನು ವಿಚಾರಿಸಿದ ಕಡೆ ಎಲ್ಲೂ ಸಾವಿರ ರೂಪಾಯಿ ದಾಟಲಿಲ್ಲ. ಸ್ಕ್ರೀನ್ ಮೇಲೆ ಪೆನ್ ಇಟ್ಟು ತೋರಿಸಿದರು: "ಮೂಳೆ ಇಲ್ಲಿ ತನಕ ಇರಬೇಕಿತ್ತು. ಇಷ್ಟು ಕೆಳಗಿದೆ. ಅರ್ಧ ಬೇರಿಗೂ ಆಸರೆ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಲ್ಲು ಸರಿಸುವ ಮುಂಚೆ ಇದನ್ನು ಯಾರೂ ತೆಗೆಸಲಿಲ್ವಾ?"

ಮಾಲ್‌ನಲ್ಲಿ ಮಾಡಿದ ಸ್ಕ್ಯಾನ್ ಇತ್ತಲ್ಲ ಅಂದೆ. ಅದಕ್ಕೆ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಆ ಸ್ಕ್ಯಾನ್‌ನಲ್ಲಿ ಕಾಣುವುದು ವಸಡಿನಿಂದ ಮೇಲಿನ ಭಾಗ ಮಾತ್ರ. ತೆಂಗಿನ ಮರದ ಗರಿ ನೋಡಿ ಬೇರು ಗಟ್ಟಿ ಇದೆ ಅಂದ ಹಾಗೆ."

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದಂತೆ ಕೂತಿರುವುದಿಲ್ಲ. ಒಂದು ಕಡೆಯಿಂದ ಒತ್ತಿದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹೀಗೆ ಹಲ್ಲು ಜರುಗುತ್ತದೆ. ಇದು 15ರಲ್ಲೂ ಆಗುತ್ತದೆ, 50ರಲ್ಲೂ ಆಗುತ್ತದೆ, ದೊಡ್ಡವರಲ್ಲಿ ಸ್ವಲ್ಪ ನಿಧಾನ. ಆದರೆ ವಸಡಿನಲ್ಲಿ ಸೋಂಕು ಇದ್ದಾಗ ಹಲ್ಲನ್ನು ಒತ್ತಿದರೆ, ಕರಗುವುದು ಮುಂದುವರಿಯುತ್ತದೆ, ಕಟ್ಟುವುದು ಆಗುವುದಿಲ್ಲ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ಕಾಯಿಲೆ ಇನ್ನೂ ಜೋರಾಗುತ್ತದೆ. ನನ್ನ ಮೂರು ತಿಂಗಳ ಶುಗರ್ ಸರಾಸರಿ (ಎಚ್‌ಬಿಎ1ಸಿ) ಆಗ ಹತೋಟಿ ತಪ್ಪಿ 8.9 ಇತ್ತು.

ನ್ಯಾಯವಾಗಿ ಇದನ್ನೂ ಹೇಳಬೇಕು. ವಸಡಿನ ಕಾಯಿಲೆ ಕಂಪನಿ ತಂದದ್ದಲ್ಲ. ಅದು ನನಗೆ ಮೊದಲೇ ಇತ್ತು, ನೋವಿಲ್ಲದೆ, ಸದ್ದಿಲ್ಲದೆ. ಅಲೈನರ್ ಕೂಡ ಕೆಟ್ಟದ್ದಲ್ಲ. ನನ್ನ ಚಿಕ್ಕಮ್ಮನ ಮಗಳು ಸರಿಯಾದ ಡಾಕ್ಟರ ಹತ್ತಿರ ಹಾಕಿಸಿಕೊಂಡು ಚೆನ್ನಾಗಿದ್ದಾಳೆ. ಕಾಯಿಲೆ ಬಿದ್ದ ವಸಡಿನ ಮೇಲೆ, ಅದನ್ನು ನೋಡದೆ, ಏಳು ತಿಂಗಳು ಹಲ್ಲು ಸರಿಸಿದರು. ನನ್ನ ದೂರು ಇಷ್ಟೇ.

ಇನ್ನೊಂದು ಪೆಟ್ಟು ದುಡ್ಡಿನದು. ಇದನ್ನು ಚೆನ್ನಾಗಿ ಗಮನಿಸಿ. ನಾನು ಅಲೈನರ್ ನಿಲ್ಲಿಸಿದೆ. ಇಎಂಐ ನಿಲ್ಲಲಿಲ್ಲ. ನೋ ಕಾಸ್ಟ್ ಇಎಂಐ ಅಂದರೆ ಫೈನಾನ್ಸ್ ಕಂಪನಿಯೊಂದು ನನ್ನ ಹೆಸರಲ್ಲಿ ಸಾಲ ಕೊಟ್ಟು, ಪೂರ್ತಿ ದುಡ್ಡನ್ನು ಮೊದಲ ದಿನಗಳಲ್ಲೇ ಅಲೈನರ್ ಕಂಪನಿಗೆ ಕಟ್ಟಿಬಿಟ್ಟಿತ್ತು. ಫೈನಾನ್ಸ್‌ನವರು "ಚಿಕಿತ್ಸೆ ನಮ್ಮದಲ್ಲ ಮೇಡಂ, ಸಾಲ ಮಾತ್ರ ನಮ್ಮದು" ಅಂದರು. ಅಲೈನರ್‌ನವರು "ನಿಮ್ಮ ಕಿಟ್ ಪೂರ್ತಿ ಡೆಲಿವರಿ ಆಗಿದೆ" ಅಂದರು. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳುತ್ತದೆ. ಮಗನ ಓದಿಗೆ ಮುಂದೆ ಸಾಲ ಬೇಕಾಗಬಹುದು. ಹಲ್ಲು ಅಲ್ಲಾಡುತ್ತಿರುವಾಗಲೇ 2025ರ ಜುಲೈ ತನಕ ಕಟ್ಟಿ ಮುಗಿಸಿದೆ.

ಹೀಗಾದವಳು ನಾನೊಬ್ಬಳೇ ಅಲ್ಲ. ಅಮೆರಿಕದಲ್ಲಿ ಸ್ಮೈಲ್‌ಡೈರೆಕ್ಟ್‌ಕ್ಲಬ್ ಅಂತ ದೊಡ್ಡ ಕಂಪನಿ ಇತ್ತು. ಕ್ಲಿನಿಕ್‌ಗೆ ಹೋಗಬೇಕಿಲ್ಲ, ಅಲೈನರ್ ಮನೆಗೇ ಕಳಿಸುತ್ತೇವೆ ಅನ್ನುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆಯ ಮಧ್ಯದಲ್ಲಿದ್ದವರಿಗೆ ನೀವು ನಿಮ್ಮ ಹತ್ತಿರದ ಡೆಂಟಿಸ್ಟ್ ನೋಡಿಕೊಳ್ಳಿ ಅಂದರು, ಕಂತು ಮಾತ್ರ ಕಟ್ಟುತ್ತಿರಿ ಅಂದರು. ನಾನು ಸಹಿ ಹಾಕುವುದಕ್ಕೆ ಒಂದು ತಿಂಗಳು ಮುಂಚೆ ಆದದ್ದು ಇದು. ಆ ಸುದ್ದಿ ನನ್ನ ಕಣ್ಣಿಗೆ ಬಿದ್ದಿದ್ದರೆ ಅನ್ನಿಸುತ್ತದೆ.

ಈಗ ನೀವು ಏನು ಮಾಡಬೇಕು? ಮೊದಲು ವಸಡು ತೋರಿಸಿ. ಬ್ರಷ್ ಮಾಡುವಾಗ ರಕ್ತ ಬಂದರೆ, ಶುಗರ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಹಲ್ಲು ಬೇಗ ಬಿದ್ದಿದ್ದರೆ ಖಂಡಿತ ತೋರಿಸಿ. ಆ ಗೆರೆ ಹಾಕಿದ ಕಡ್ಡಿಯಿಂದ ಎಲ್ಲ ಹಲ್ಲಿನ ಸುತ್ತ ಅಳೆಯಲಿ. ಓಪಿಜಿ, ಜೊತೆಗೆ ತಲೆಯ ಪಕ್ಕದಿಂದ ತೆಗೆಯುವ ಎಕ್ಸ್‌ರೇ, ಎರಡೂ ಇಲ್ಲದೆ ಯಾರಾದರೂ ಪ್ಲಾನ್ ಕೊಟ್ಟರೆ ಎದ್ದು ಬನ್ನಿ. ಎಷ್ಟೇ ಒಳ್ಳೆಯ ವಿಡಿಯೋ ತೋರಿಸಲಿ, ಎದ್ದು ಬನ್ನಿ.

ಯಾರು ನೋಡುತ್ತಾರೆ ಅಂತ ಹೆಸರು ಕೇಳಿ. ದಂತವೈದ್ಯರೆಲ್ಲ ಬಿಡಿಎಸ್ ಓದಿರುತ್ತಾರೆ. ಹಲ್ಲು ಸಾಲು ಮಾಡುವುದನ್ನೇ ಅದರ ಮೇಲೆ ಮೂರು ವರ್ಷ ಕಲಿತವರು ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದವರು. ನಮ್ಮ ರಾಜ್ಯದಲ್ಲಿ ಪ್ರಾಕ್ಟೀಸ್ ಮಾಡುವವರು ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿ ಆಗಿರುತ್ತಾರೆ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಅದೇ ಡಾಕ್ಟರು ಕೊನೆ ತನಕ ನಿಮ್ಮ ಬಾಯಿ ನೋಡುತ್ತಾರಾ, ಎಷ್ಟು ವಾರಕ್ಕೊಮ್ಮೆ ಕುರ್ಚಿಯಲ್ಲಿ ಕೂರಿಸಿ ನೋಡುತ್ತಾರೆ, ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಕ್ಲಿಪ್ ಬಿಚ್ಚಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರ್ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಓಡುತ್ತವೆ. ಅದರ ದುಡ್ಡು ಸೇರಿದೆಯಾ ಅಂತಲೂ ಮೊದಲೇ ಕೇಳಿ.

ದುಡ್ಡನ್ನು ಕೆಲಸ ಆದ ಹಾಗೆ ಆದ ಹಾಗೆ ಕೊಡಿ. ತುಂಬಾ ಕ್ಲಿನಿಕ್‌ಗಳು ಮೊದಲು ಒಂದಿಷ್ಟು, ಆಮೇಲೆ ಬಂದಾಗಲೆಲ್ಲ ಒಂದಿಷ್ಟು ಅಂತ ತಗೊಳ್ಳುತ್ತವೆ. ಸಾಲ ಬೇಡ. ದುಡ್ಡು ಕಷ್ಟ ಇದ್ದರೆ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ. ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಎಂಡಿಎಸ್ ಓದುತ್ತಿರುವವರು ಪ್ರೊಫೆಸರ್‌ಗಳ ಕೈಕೆಳಗೆ ಮಾಡುತ್ತಾರೆ. ಸರದಿ ಕಾಯಬೇಕು, ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಎಕ್ಸ್‌ರೇ ನೋಡದೆ ಹಲ್ಲು ಮುಟ್ಟುವುದಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಎಲ್ಲವನ್ನೂ ಉಳಿಸಿಕೊಳ್ಳಿ: ಚಾಟ್, ರಸೀದಿ, ಫೋಟೋ, ಬಳಸಿದ ಅಲೈನರ್‌ಗಳು ಕೂಡ. ಬೇರೆ ಡಾಕ್ಟರಿಂದ ಲಿಖಿತ ವರದಿ ಪಡೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ನನಗೆ ಕಂಪನಿಯವರು 20,000 ಕೊಡುತ್ತೇವೆ, ಮುಂದೆ ಏನೂ ಕೇಳುವುದಿಲ್ಲ ಅಂತ ಬರೆದುಕೊಡಿ ಅಂದರು. ಬರೆದುಕೊಡಲಿಲ್ಲ. ನನ್ನ ದೂರು ಆಯೋಗದ ಮುಂದಿದೆ.

ಹಲ್ಲಿನ ವಿಷಯಕ್ಕೆ ಬಂದರೆ, ನಾಲ್ಕು ಸಲ ವಸಡಿನೊಳಗಿನ ಆಳದ ಕ್ಲೀನಿಂಗ್ ಆಯಿತು. ಕೆಳಗಿನ ಆರು ಹಲ್ಲುಗಳನ್ನು ಹಿಂದಿನಿಂದ ತೆಳು ತಂತಿ ಹಾಕಿ ಒಂದಕ್ಕೊಂದು ಬಿಗಿದಿದ್ದಾರೆ. ನಾಲಿಗೆ ತಾಗಿದಾಗಲೆಲ್ಲ ಆ ತಂತಿ ಸಿಗುತ್ತದೆ. ಮೂರು ತಿಂಗಳ ಶುಗರ್ ಸರಾಸರಿ 6.8ಕ್ಕೆ ಇಳಿದಿದೆ. ವಸಡಿನ ಆ ಏಳು ಮಿಲಿಮೀಟರ್ ಆಳ ಈಗ ನಾಲ್ಕು. ಕೋಡುಬಳೆಯನ್ನು ಕೈಯಲ್ಲಿ ಮುರಿದು ಹಿಂದಿನ ಹಲ್ಲಿನಲ್ಲಿ ತಿನ್ನುತ್ತೇನೆ. ಇನ್ನು ಆರು ತಿಂಗಳು ಹೀಗೇ ನಿಂತರೆ ಮೇಲಿನ ಹಲ್ಲುಗಳಿಗೆ ಬಹಳ ಹಗುರವಾಗಿ ಕ್ಲಿಪ್ ಹಾಕಬಹುದಾ ಅಂತ ಆರ್ಥೊಡಾಂಟಿಸ್ಟ್ ಜೊತೆ ಕೂತು ನೋಡೋಣ ಅಂದಿದ್ದಾರೆ ಡಾಕ್ಟರು.

ಆ ಟೀಚರ್ ನಿನ್ನೆ ಓಪಿಜಿ ತೆಗೆಸಿಕೊಂಡು ಬಂದರು. ಸ್ಟಾಫ್ ರೂಮಿನ ಕಿಟಕಿಗೆ ಹಿಡಿದು ಇಬ್ಬರೂ ನೋಡಿದೆವು. ನಮಗೇನೂ ಗೊತ್ತಾಗಲಿಲ್ಲ. ಶನಿವಾರ ಅದನ್ನು ಹಿಡಿದುಕೊಂಡು ನಮ್ಮ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.