ಪದಬಂಧ: ಪೇಪರ್ರೋ, ಆ್ಯಪ್ಪೋ, ದಪ್ಪ ಪುಸ್ತಕಾನೋ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಪೇಪರ್‌ಗೆ. ಒಳಪುಟದ ಮೂಲೆಲಿ ಬರೋ ಆ ಪುಟ್ಟ ಚೌಕ, ಕೈಗೆ ಸಿಕ್ಕಿದ ಒಂದು ಪೆನ್ಸಿಲ್, ಉತ್ತರ ಬೇಕಂದ್ರೆ ನಾಳೆವರೆಗೂ ಕಾಯ್ಬೇಕು, ಅಷ್ಟೇ. ಆದ್ರೆ ಪೇಪರ್ ಬರದ ದಿನ ಇರತ್ತೆ, ಪ್ರಯಾಣ ಇರತ್ತೆ, ಅದಕ್ಕೇ ಅಂತ ಒಂದು ಕನ್ನಡ ಪದಬಂಧದ ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿದೆ, ಅದರ ಹಿಂದೇನೇ ಒಂದು ದಪ್ಪ ಪದಬಂಧ ಸಂಕಲನಾನೂ ತರಿಸ್ದೆ. ಪುಸ್ತಕ ಪರವಾಗಿಲ್ಲ. ಆ್ಯಪ್ ಮಾತ್ರ ತಲೆ ತಿಂದು ಹಾಕ್ತು, ಈ ಹೋಲಿಕೆ ಬರೆಯೋಕೆ ಅರ್ಧ ಕಾರಣ ಅದೇ.

ಏನಾಗತ್ತೆ ನೋಡಿ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ ಅಂದ್ರೆ ಪೂರ್ತಿ ಅಕ್ಷರ, ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. ‘ನಕ್ಷತ್ರ’ ಅಂದ್ರೆ ಮೂರು ಮನೆ, ಪೆನ್ಸಿಲ್ ಹಿಡಿದ ಯಾರೂ ಇದರ ಬಗ್ಗೆ ಎರಡನೇ ಸಲ ಯೋಚನೆ ಮಾಡಲ್ಲ. ಆದ್ರೆ ಫೋನ್ ಒಳಗೆ ಅದೇ ನಕ್ಷತ್ರ ಏಳು ತುಂಡು: ನ, ಕ, ಹಲಂತದ ಗುರುತು (ಸ್ವರ ತೆಗೆದು ಒತ್ತು ಕೂಡಿಸೋ ‘್’), ಷ, ತ, ಮತ್ತೆ ಹಲಂತ, ರ. ‘ಸ್ತ್ರೀ’ ಅನ್ನೋ ಒಂದೇ ಒಂದು ಅಕ್ಷರ ಆರು ತುಂಡು. ಫೋನು, ಕಂಪ್ಯೂಟರ್ ಎಲ್ಲ ಅಕ್ಷರ ಇಟ್ಕೊಳ್ಳೋಕೆ ಬಳಸೋ ಯೂನಿಕೋಡ್ ಪದ್ಧತಿಲಿ ಇರೋದೇ ಹಾಗೆ, ಅದರಲ್ಲಿ ತಪ್ಪೇನಿಲ್ಲ, ಆ ತುಂಡುಗಳನ್ನ ಕೂಡಿಸಿ ಒಂದು ಮನೆಗೆ ಹಾಕೋದು ಆ್ಯಪ್ ಮಾಡೋರ ಕೆಲಸ. ನಾನು ದುಡ್ಡು ಕೊಟ್ಟಿರೋ ಆ್ಯಪ್ ಯಾವುದೋ ಇಂಗ್ಲಿಷ್ ಕ್ರಾಸ್‌ವರ್ಡ್‌ನ ಚೌಕಟ್ಟಿಗೆ ಕನ್ನಡ ಫಾಂಟ್ ಹಾಕಿ ಬಿಟ್ಟ ಹಾಗಿದೆ, ಒಂದು ಕೀ ಒತ್ತಿದ್ರೆ ಸಾಕು ಕರ್ಸರ್ ಪಕ್ಕದ ಮನೆಗೆ ಜಿಗಿಯತ್ತೆ.

ಅಂದ್ರೆ ‘ಕ್ಷ’ ಬರೀಬೇಕು ಅಂದ್ಕೊಳ್ಳಿ. ಕ ಒತ್ತಿದೆ, ಕರ್ಸರ್ ಮುಂದೆ ಹೋಯ್ತು. ಹಲಂತ ಒತ್ತಿದೆ, ಅದು ಪಕ್ಕದ ಮನೇಲಿ ಒಂದು ಚುಕ್ಕಿಚುಕ್ಕಿ ವೃತ್ತದ ಮೇಲೆ ಅನಾಥವಾಗಿ ಕೂತ್ಕೊಂಡ್ತು. ಷ ಅದರಾಚೆ ಮನೆಗೆ. ಸರಿ ಅಂತ ವಾಪಸ್ ಬಂದು ಕ ಇರೋ ಮನೆ ಮುಟ್ಟಿ ಹಲಂತ ಸೇರಿಸೋಣ ಅಂದ್ರೆ, ಸೇರಿಸಲ್ಲ, ಕ ಅಳಿಸಿ ಹಲಂತ ಇಡತ್ತೆ! ‘ಪಂಕಜ’ದಲ್ಲಿ ಸೊನ್ನೆಗೇ ಒಂದು ಮನೆ ಬೇಕಂತೆ. ಕೊನೆಗೆ ನನಗೆ ಸಿಕ್ಕ ಒಂದೇ ದಾರಿ ಅಂದ್ರೆ ನೋಟ್ಸ್‌ನಲ್ಲಿ ಒತ್ತಕ್ಷರ ಟೈಪ್ ಮಾಡಿ, ಕಾಪಿ ಮಾಡಿ, ಇಲ್ಲಿ ಬಂದು ಪೇಸ್ಟ್ ಮಾಡೋದು, ಆಗ ಮಾತ್ರ ಒಂದೇ ಮನೇಲಿ ಕೂರತ್ತೆ. ಒಂದು ಒತ್ತಕ್ಷರಕ್ಕೆ ಎರಡು ಆ್ಯಪ್ ಮಧ್ಯೆ ಓಡಾಟ, ಅಷ್ಟರಲ್ಲಿ ಯಾವ ಸುಳಿವು ಬಿಡಿಸ್ತಿದ್ದೆ ಅನ್ನೋದೇ ಮರೆತು ಹೋಗಿರತ್ತೆ, ಮೇಲೆ ಟೈಮರ್ ಮಾತ್ರ ನಿಲ್ಲದೆ ಓಡ್ತಾನೇ ಇರತ್ತೆ.

ಅದೂ ಪೂರ್ತಿ ಪರಿಹಾರ ಅಲ್ಲ. ಕಾಪಿ ಮಾಡುವಾಗ ಕೆಲವು ಸಲ ಕಣ್ಣಿಗೆ ಕಾಣದ ಜೀರೋ ವಿಡ್ತ್ ಕ್ಯಾರೆಕ್ಟರ್ ಒಂದು ಅಂಟ್ಕೊಂಡು ಬರತ್ತೆ, ಒತ್ತು ಬಿಡಿಬಿಡಿಯಾಗಿ ಕಾಣ್ಲಿ ಅಂತ ಕೀಬೋರ್ಡ್‌ಗಳು ಹಾಕೋ ಅದೃಶ್ಯ ಗುರುತು. ನೋಡಿದ್ರೆ ಅಕ್ಷರ ಸರಿಯಾಗೇ ಇದೆ, ಅಡ್ಡ ಪದಾನೂ ಸರಿ, ಉದ್ದ ಪದಾನೂ ಸರಿ, ಮನೆ ಮಾತ್ರ ಕೆಂಪು. ಇಡೀ ಚೌಕ ತುಂಬಿದ್ರೂ ‘ಇನ್ನೂ ತಪ್ಪಿದೆ’ ಅನ್ನತ್ತೆ. ನಾನು ಪದಾನೇ ತಪ್ಪಿರ್ಬೇಕು ಅಂತ ನಿಘಂಟು ತೆಗೆದು ಕೂತಿದ್ದೂ ಉಂಟು. ಸಪೋರ್ಟ್‌ಗೆ ಬರೆದೆ, ಕೀಬೋರ್ಡ್ ಬದಲಾಯಿಸಿ ನೋಡಿ ಅಂತ ಉತ್ತರ ಬಂತು. ಬದಲಾಯಿಸಿದೆ. ಹೊಸ ಕೀಬೋರ್ಡ್ ನಾನು ಎರಡು ಅಕ್ಷರ ಹೊಡೆಯೋಷ್ಟರಲ್ಲಿ ಪದಾನೇ ಊಹಿಸಿ ಮೇಲೆ ತೋರಿಸೋಕೆ ಶುರು ಮಾಡ್ತು, ಅಂದ್ರೆ ಉತ್ತರಾನ ಕೀಬೋರ್ಡೇ ಹೇಳ್ಕೊಡ್ತಿದೆ, ಇನ್ನು ಆಡೋದು ಏನಕ್ಕೆ?

ಇದೇ ಫೋನಲ್ಲಿ ಇಂಗ್ಲಿಷ್ ಕ್ರಾಸ್‌ವರ್ಡ್ ಆಡಿದ್ರೆ ಒಂದು ತೊಂದ್ರೆನೂ ಇಲ್ಲ, ಒಂದು ಕೀ ಒಂದು ಅಕ್ಷರ. ಅಮೆರಿಕದ ಮಾದರಿ ಚೌಕದಲ್ಲಂತೂ ಪ್ರತಿಯೊಂದು ಅಕ್ಷರಾನೂ ಅಡ್ಡಕ್ಕೂ ಉದ್ದಕ್ಕೂ ಸೇರಿರತ್ತೆ, ಯಾವುದೋ ನದಿ ಹೆಸರು ಗೊತ್ತಿಲ್ಲ ಅಂದ್ರೂ ದಾಟಿ ಹೋಗೋ ಪದಗಳೇ ತುಂಬಿಸಿ ಕೊಡತ್ತೆ. ನ್ಯೂಯಾರ್ಕ್ ಟೈಮ್ಸ್‌ದು ಸೋಮವಾರ ಸುಲಭ, ಶನಿವಾರ ಅತಿ ಕಷ್ಟ, ಆ ಏರಿಕೆ ಚೆನ್ನಾಗಿದೆ. ಸುಳಿವಲ್ಲೇ ಪದಗಳ ಆಟ ಬಚ್ಚಿಡೋ ಬ್ರಿಟಿಷ್ ಕ್ರಿಪ್ಟಿಕ್ ಬೇರೇನೇ ಲೋಕ, ಅದಕ್ಕೆ ಇನ್ನೊಂದ್ಸಲ ಬರೀತೀನಿ.

ಆ್ಯಪ್‌ನಲ್ಲಿ ಒಳ್ಳೇದೂ ಇದೆ. ರಾತ್ರಿ ಲೈಟ್ ಆರಿಸಿ ಮಲಗಿದಾಗ ಆಡ್ಬಹುದು. ಹಳೇ ಪದಬಂಧ ಎಲ್ಲ ಸಿಗತ್ತೆ. ಸ್ಟ್ರೀಕ್ ಅಂತ ಒಂದಿದೆ, ಎಷ್ಟು ದಿನ ಬಿಡದೆ ಆಡಿದೀವಿ ಅನ್ನೋ ಲೆಕ್ಕ, ಕೆಲವರಿಗೆ ಅದು ಇಷ್ಟ, ನನಗೆ ಯಾರೋ ಹಾಜರಿ ಕರೀತಿರೋ ಹಾಗನ್ಸತ್ತೆ.

ಈಗ ಪೇಪರ್ ವಿಷಯಕ್ಕೆ ಬರ್ತೀನಿ. ‘ತಾವರೆ (3)’ ಅಂತ ಸುಳಿವು ಕೊಟ್ಟಿದಾರೆ ಅಂದ್ಕೊಳ್ಳಿ, ಪದಬಂಧ ಬಿಡಿಸೋರಿಗೆಲ್ಲ ಹಳೇ ಗೆಳೆಯ ಇದು. ಕಮಲ, ಪಂಕಜ, ಸರೋಜ, ನೀರಜ, ವಾರಿಜ, ಜಲಜ, ವನಜ, ಅಂಬುಜ, ಎಲ್ಲ ಮೂರಕ್ಷರ. ಕೊನೆ ಮನೇಲಿ ಜ ಬಂತು ಅಂತ ಖುಷಿ ಪಟ್ರೆ ಪ್ರಯೋಜನ ಇಲ್ಲ, ಕಮಲ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಜ ದಲ್ಲೇ ಮುಗಿಯತ್ತೆ. ಆಟ ಇರೋದು ನಡುಮನೇಲಿ. ಅಲ್ಲಿಗೆ ಮೇಲಿಂದ ಇಳಿಯೋ ಪದದ ಸುಳಿವು ‘ಸಿಂಹವೂ ಹೌದು, ಕೋತಿಯೂ ಹೌದು (2)’. ಸ್ವಲ್ಪ ಹೊತ್ತು ಏನೂ ಹೊಳೆಯಲ್ಲ, ಪೇಪರ್ ಮಡಿಸಿಟ್ಟು ಬೇರೆ ಕೆಲಸಕ್ಕೆ ಹೋಗ್ತೀನಿ, ಬಟ್ಟೆ ಒಣಗಿಸುವಾಗಲೋ ಮೆಟ್ಟಿಲು ಹತ್ತುವಾಗಲೋ ‘ಹರಿ’ ಅಂತ ಥಟ್ಟನೆ ಬರತ್ತೆ, ರಿ ಬಿತ್ತು, ತಾವರೆ ವಾರಿಜ ಆಯ್ತು. ಆ್ಯಪ್‌ನಲ್ಲಿ ಇದೇ ಜಾಗದಲ್ಲಿ ‘ಒಂದಕ್ಷರ ತೋರಿಸು’ ಅಂತ ಬಟನ್ ಹೊಳೀತಾ ಇರತ್ತೆ, ನನ್ನ ಬೆರಳು ಅಷ್ಟು ಸಭ್ಯ ಅಲ್ಲ, ಒತ್ತಿಯೇ ಒತ್ತತ್ತೆ. ಪೇಪರಲ್ಲಿ ಒತ್ತೋಕೆ ಏನೂ ಇಲ್ಲವಲ್ಲ, ನನ್ನಂಥವರಿಗೆ ಅದೇ ಸರಿ.

ತಪ್ಪು ಬರೆದ್ರೂ ಪೇಪರ್ ಸುಮ್ನಿರತ್ತೆ. ನೀರಜ ಅಂತ ಬರೆದು ಆರಾಮಾಗಿ ಮುಂದೆ ಹೋಗಿರ್ತೀನಿ, ಎಷ್ಟೋ ಹೊತ್ತಾದ ಮೇಲೆ ಕೆಳಗಿನ ಮೂಲೆಲಿ ಯಾವುದೋ ಪದ ಕೂರಲ್ಲ ಅಂತ ಹಟ ಮಾಡತ್ತೆ, ಆಗ ಒಂದೊಂದೇ ಹಿಂದಕ್ಕೆ ಬಿಚ್ಚಿಕೊಂಡು ಬರ್ಬೇಕು. ಆ ಪತ್ತೇದಾರಿ ಕೆಲಸ ನನಗೆ ಬಹಳ ಇಷ್ಟ, ಕೆಂಪು ಮನೆ ತೋರಿಸೋ ಆ್ಯಪ್ ಅದನ್ನೇ ಕಿತ್ಕೊಳ್ಳತ್ತೆ.

ಇನ್ನೊಂದು, ಪೇಪರ್ ಮೇಜಿನ ಮೇಲೆ ಬಿದ್ದಿರತ್ತೆ, ಮನೇಲಿ ಓಡಾಡೋರು ಬಗ್ಗಿ ನೋಡಿ ಒಂದು ಪದ ತುಂಬಿ ಹೋಗ್ತಾರೆ. ‘ಮುಪ್ಪು ತಿರುಗಿದರೆ ದೊರೆ (2)’ ಅನ್ನೋದಕ್ಕೆ ನಾನು ವಯಸ್ಸು, ವೃದ್ಧ ಅಂತೆಲ್ಲ ತಿಣುಕ್ತಿದ್ರೆ ಪಕ್ಕದಿಂದ ಹೋಗ್ತಿದ್ದವರು ‘ಜರಾ ತಿರುಗಿಸು, ರಾಜ’ ಅಂದು ಹೋದ್ರು. ಹೊಟ್ಟೆ ಉರೀತು, ಮಜಾನೂ ಬಂತು. ಪೆನ್ನಲ್ಲಿ ತಪ್ಪು ಬರೆದು ಹೋಗೋರೂ ಇದಾರೆ, ಅವರ ಬಗ್ಗೆ ಏನೂ ಹೇಳಲ್ಲ.

ಹಾಗಂತ ಪೇಪರ್ ಪದಬಂಧ ಏನು ಬಂಗಾರ ಅಲ್ಲ. ಸುಳಿವಿನ ನಂಬರ್ ಒಂದು, ಚೌಕದ ನಂಬರ್ ಇನ್ನೊಂದು ಆಗಿರತ್ತೆ. ಪದ ಕೂರ್ಲಿಲ್ಲ ಅಂದ್ರೆ ಅಕ್ಷರ ಕಲೆಸಿ ‘ಚೆಲ್ಲಾಪಿಲ್ಲಿ’ ಅಂತ ಪಕ್ಕದಲ್ಲಿ ಹಾಕಿ ಕೈ ತೊಳ್ಕೊಳ್ಳೋ ಸೋಮಾರಿತನ ಇದೆಯಲ್ಲ, ಅದು ನೋಡಿದ್ರೆ ಸಿಟ್ಟು ಬರತ್ತೆ. ಕಟ್ಟೋರ ಕಷ್ಟಾನೂ ಗೊತ್ತು, ನಮ್ಮಲ್ಲಿ ಎರಡು ಪದ ದಾಟ್ಬೇಕಂದ್ರೆ ಬರೀ ವ್ಯಂಜನ ಹೊಂದಿದ್ರೆ ಆಗಲ್ಲ, ರಿ ಗೆ ರಿ ನೇ ಬರ್ಬೇಕು, ತ್ರ ಕ್ಕೆ ತ್ರ ನೇ. ಅದಕ್ಕೇ ಕಪ್ಪು ಮನೆ ಜಾಸ್ತಿ, ‘ಮೇಕೆ (2)’ ಅನ್ನೋ ಸುಳಿವಿಗೆ ಅಜ ಅಂತ ವಾರಕ್ಕೊಮ್ಮೆ ಬರೋದೂ ಅದಕ್ಕೇ. ಆದ್ರೂ ದಾಟೋ ಪದಾನೇ ಇಲ್ಲದ ಒಂಟಿ ಮನೇಲಿ ಎರಡು ಉತ್ತರ ಹೊಂದೋ ಹಾಗೆ ಬಿಡಬಾರದು. ಅಂಥದ್ದಕ್ಕೆ ಮಾರನೇ ದಿನ ಉತ್ತರ ನೋಡಿ ಪೇಪರ್ ಜೊತೆ ಜಗಳ ಆಡೋದು ನನ್ನ ದಿನಚರಿ.

ಪುಸ್ತಕ. 1913ರ ಡಿಸೆಂಬರ್ 21ಕ್ಕೆ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಲಿ ಆರ್ಥರ್ ವಿನ್ ಮೊದಲ ಕ್ರಾಸ್‌ವರ್ಡ್ ಹಾಕಿದ್ದು, ಹತ್ತು ವರ್ಷ ದಾಟಿ 1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಮೊದಲ ಪುಸ್ತಕ ತಂದಾಗ ಅದಕ್ಕೆ ಒಂದು ಪೆನ್ಸಿಲ್ ಕಟ್ಟಿ ಕೊಟ್ಟಿದ್ರಂತೆ. ನನ್ನ ಪುಸ್ತಕಕ್ಕೆ ಪೆನ್ಸಿಲ್ ಇಲ್ಲ, ಇದ್ದಿದ್ರೂ ಬೈಂಡಿಂಗ್ ಕಡೆ ಇರೋ ಮನೆಗಳಿಗೆ ಅದು ತಲುಪ್ತಿರ್ಲಿಲ್ಲ, ಬಲವಾಗಿ ಅಗಲಿಸಿ ಹಿಡೀಬೇಕು. ಹಾಳೆ ತೆಳು, ರಬ್ಬರ್ ಉಜ್ಜಿದ್ರೆ ಹರಿಯತ್ತೆ. ಸುಳಿವು ಒಂದೇ ಕೈಯವರದ್ದು, ಸ್ವಲ್ಪ ಪುಟ ಆದ್ಮೇಲೆ ಅವರ ತಲೆ ಹೇಗೆ ಓಡತ್ತೆ ಅಂತ ಗೊತ್ತಾಗಿ ಉತ್ತರ ತಾನಾಗೇ ಬರತ್ತೆ. ದಿನಕ್ಕೊಂದು ಅನ್ನೋ ಕಟ್ಟುಪಾಡೂ ಇಲ್ಲ, ಕೂತ್ರೆ ಒಂದರ ಹಿಂದೆ ಒಂದು, ಬಿಟ್ರೆ ತಿಂಗಳುಗಟ್ಟಲೆ ಧೂಳು. ಆದ್ರೆ ಪ್ರಯಾಣಕ್ಕೆ ಇದೇ ಸರಿ, ಚಾರ್ಜ್ ಬೇಡ, ನೆಟ್ ಬೇಡ.

ದುಡ್ಡಿನ ಲೆಕ್ಕ ಹೇಳ್ಬೇಕಂದ್ರೆ, ಪೇಪರ್ ನಮ್ಮನೆಗೆ ಸುದ್ದಿಗೆ ಅಂತ ಹೇಗೂ ಬರತ್ತೆ, ಪದಬಂಧ ಪುಕ್ಕಟೆ. ಪುಸ್ತಕ ಒಂದ್ಸಲ ಕೊಟ್ಟು ಮರೆತುಬಿಡ್ಬಹುದು. ಆ್ಯಪ್ ಮಾತ್ರ ವರ್ಷಾ ವರ್ಷಾ ಕೇಳತ್ತೆ, ಆಟೋ ರಿನ್ಯೂವಲ್ ತೆಗೆದುಹಾಕಿದೀನಿ. ಪೇಪರ್ ತರಿಸದೇ ಇರೋರು, ಬರೀ ಇಂಗ್ಲಿಷ್ ಆಡೋರು ಆ್ಯಪ್ ತಗೊಂಡ್ರೆ ನನ್ನದೇನೂ ತಕರಾರಿಲ್ಲ. ಕನ್ನಡದ್ದೇ ಬೇಕು ಅಂದ್ರೆ ದುಡ್ಡು ಕಟ್ಟೋ ಮುಂಚೆ ಅದರ ಫ್ರೀ ಪದಬಂಧ ಒಂದು ತೆಗೆದು, ಯಾವುದಾದ್ರೂ ಖಾಲಿ ಮನೇಲಿ ‘ಸ್ತ್ರೀ’ ಹೊಡೀರಿ, ಇನ್ನೊಂದರಲ್ಲಿ ‘ರ್ಮ’, ಮತ್ತೊಂದರಲ್ಲಿ ‘ಪಂ’. ಮೂರೂ ತಂತಮ್ಮ ಮನೇಲಿ ಕೂತ್ರೆ ತಗೊಳ್ಳಿ, ನನಗೂ ಆ ಆ್ಯಪ್ ಹೆಸರು ಹೇಳಿ.